ಪ್ರಣೀತಾಳ ರಕ್ತ ಬಿದ್ದ ತಟ್ಟೆ

ಉಳ್ಳಾಲದ ನೋಣಯ್ಯ ಪೂಜಾರಿಯ ಮಗಳು ಪ್ರಣೀತಾ ಮಂಗಳೂರಿನ ಒಂದು ಲ್ಯಾಬಿನಲ್ಲಿ ಕಾಂಟ್ರ್ಯಾಕ್ಟ್ ಕೆಲಸದವಳು, ಜ್ವರ ಬಂದರೂ ರಜೆ ಹಾಕದವಳು. ತಟ್ಟೆಯಲ್ಲಿ ಕರುಳಿನ ಜೀವಕೋಶ ಬೆಳೆಸಿ, ಅವು ಗೋಡೆಯಂತೆ ಒತ್ತಾಗಿ ನಿಂತ ಮೇಲೆ ರೋಗಿಗಳ ರಕ್ತದ ತಿಳಿ, ಅಂದರೆ ಸೀರಮ್, ಹಾಕಿ ನೋಡುವುದು ಅವಳ ಕೆಲಸ. ಆ ರಕ್ತದ ಹಾರ್ಮೋನು ಕೋಶದಲ್ಲಿ ಸೂಚನೆ ಹಿಡಿಯುವ ರಿಸೆಪ್ಟರಿಗೆ ತಪ್ಪು ಸೂಚನೆ ಕೊಟ್ಟರೆ, ಕೋಶಗಳನ್ನು ಬಿಗಿಹಿಡಿದ ಪ್ರೋಟೀನು ಸಡಿಲಾಗಿ ಗೋಡೆ ಸೋರುತ್ತದೆ. ಹೋಲಿಸಲು ಆರೋಗ್ಯವಂತರ ರಕ್ತವೂ ಬೇಕು; ಅದಕ್ಕೆ ಗೋಡೆ ಸೋರಬಾರದು. ಯಾರೂ ಸಿಗದಿದ್ದರೆ ಲ್ಯಾಬಿನವರೇ ತೋಳು ಚಾಚುವುದು ಅಲ್ಲಿಯ ರೂಢಿ. ಈ ಸಲ ಪ್ರಣೀತಾ ಚಾಚಿದ್ದಳು.

ಅವಳ ರಕ್ತ ಬಿದ್ದ ತಟ್ಟೆಯ ಗೋಡೆಯೂ ಸೋರಿತು. ಕೈತಪ್ಪಿರಬೇಕೆಂದು ಮತ್ತೆ ಮಾಡಿದಳು, ಮತ್ತೂ ಸೋರಿತು. ಎರಡೂ ಸಲದ ಅಳತೆ ಹಾಕಿದ ಗ್ರಾಫನ್ನು ಒಯ್ದು ಮುಖ್ಯಸ್ಥರ ಮೇಜಿನ ಮೇಲಿಟ್ಟಳು.

"ಎಂತ ಮಾರಾಯ್ತಿ, ಗ್ರಾಫ್ ಹಾಳು ಮಾಡಿದೆಯಲ್ಲ!" ಲ್ಯಾಬಿನ ಮುಖ್ಯಸ್ಥ ಚಿತ್ತರಂಜನ ಶೆಟ್ಟರು ನಕ್ಕರು. "ನಿನ್ನದನ್ನು ತೆಗೆದುಬಿಡು, ಬೇರೆಯವರದ್ದು ಹಾಕುವ."

"ಗ್ರಾಫಿನಿಂದ ತೆಗಿಬಹುದು ಸರ್. ನನ್ನ ಮೈಯಿಂದ ಎಂತ ತೆಗೆಯುವುದು?"

ಶೆಟ್ಟರ ನಗು ನಿಂತಿತು. "ತಟ್ಟೆ ನೋಡಿ ರೋಗ ಹೇಳ್ಲಿಕ್ಕೆ ಆಗುದಿಲ್ಲ. ಡಾಕ್ಟರಿಗೆ ತೋರಿಸು."

"ಹಾಗಾದ್ರೆ ಈಗಲೇ ರಜೆ ಕೊಡಿ."

ಆಸ್ಪತ್ರೆಯ ಚೀಟಿ ಸಾಲಿನಲ್ಲಿ ಮುಂದಿದ್ದ ಮುದುಕಿ ತಿರುಗಿ ಕೇಳಿದಳು: "ನಿನಗೆಂತ ಮಗಾ, ಕಾಯಿಲೆ?"

"ಗೊತ್ತಿಲ್ಲ ಅಜ್ಜಿ," ಎಂದಳು ಪ್ರಣೀತಾ. "ಈಗ ಹೆದರಿಕೆ ಮಾತ್ರ ಉಂಟು."