ತುಂಬಿದ ಕೊಡದ ಹೆಜ್ಜೆ

ವಯಸ್ಸು ಕೇಳಿದವರಿಗೆ ನಾನು ತೊಂಬತ್ತಾರು ಎನ್ನುತ್ತೇನೆ. ಆಧಾರ್ ಕಾರ್ಡಿನಲ್ಲಿ ಎರಡು ವರ್ಷ ಕಡಿಮೆ ಇದೆ. ಅದನ್ನು ಬರೆದುಕೊಂಡವನು ನಾನು ಹುಟ್ಟಿದಾಗ ಅಲ್ಲಿರಲಿಲ್ಲ, ಅವನ ಮಾತು ಬಿಡಿ. ಇಷ್ಟು ವರ್ಷದಲ್ಲಿ ಏನೇನು ಬದಲಾಯಿತು ಎಂದು ಬಂದವರೆಲ್ಲ ಕೇಳುತ್ತಾರೆ. ಚಿಕ್ಕನರಗುಂದದ ತವರಿನಿಂದ ಅಬ್ಬಿಗೇರಿಗೆ ಚಕ್ಕಡಿಯಲ್ಲಿ ಬಂದವಳು ಈಗ ಮೊಮ್ಮಗನ ಕಾರಿನಲ್ಲಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಅಲ್ಲಿ ಮುಟ್ಟಿರುತ್ತೇನೆ ಎಂದರೆ ಅವರಿಗೆ ಸಮಾಧಾನ. ಆದರೆ ಎಷ್ಟು ಬದಲಾಗಿದೆ ಎಂದು ನನಗೆ ನಿಜವಾಗಿ ತಿಳಿದದ್ದು ಹೋದ ಬೇಸಿಗೆಯಲ್ಲಿ. ನಮ್ಮದೇ ಹಿತ್ತಿಲಲ್ಲಿ ಒಂದು ಹಗೇವಿನ ಬಾಯಿ ತೋರಿಸಲು ಹೋಗಿ ಎಲ್ಲರ ಎದುರು ಸೋತೆ.

ಹಗೇವು ಎಂದರೆ ಈಗಿನವರು ಕಣ್ಣು ಪಿಳಿಪಿಳಿ ಬಿಡುತ್ತಾರೆ. ಅದು ನೆಲದೊಳಗೆ ಎರಡಾಳು ಆಳಕ್ಕೆ ತೋಡಿದ ಕಾಳಿನ ತೆಗ್ಗು. ಒಳಗೆ ಹೊಟ್ಟೆ ಅಗಲ, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು. ಹೊಲದ ಎರೆ ಮಣ್ಣಿನಲ್ಲಿ ಅದು ನಿಲ್ಲುವುದಿಲ್ಲ. ನಮ್ಮ ಹಿತ್ತಿಲ ಕೆಳಗೆ ಗಟ್ಟಿ ಗರಸು ಮಣ್ಣು ಇತ್ತು. ಸುತ್ತ ಜೋಳದ ಒಣ ದಂಟಿನ ಕಣಿಕೆ ಜೋಡಿಸಿ, ಜೋಳ ಸುರಿದು, ಮೇಲೆ ಹೊಟ್ಟು ಹರವಿ, ಬಾಯಿಗೆ ಹಾಸುಗಲ್ಲು ಹಾಕಿ ಮಣ್ಣು ಮೆತ್ತಿದರೆ ಮೂರು ವರ್ಷ ಕಾಳಿನ ಚಿಂತೆಯಿಲ್ಲ. ಕಳ್ಳರಿಗೆ ಸಿಗಬಾರದೆಂದು ಮೇಲೆ ಯಾವ ಗುರುತೂ ಇಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆ ಗುರುತು ಹೆಂಗಸರ ಹೆಜ್ಜೆಯಲ್ಲಿ ಇರುತ್ತಿತ್ತು. ಅತ್ತೆಯಿಂದ ಸೊಸೆಗೆ ಬರಬೇಕು, ಗಂಡಸರಿಗೂ ಹೇಳುವ ಹಾಗಿಲ್ಲ.

ನನ್ನ ಮಗ ತೊಟ್ಟಿಲಲ್ಲಿದ್ದಾಗ ಅತ್ತೆ ಒಂದು ಬೆಳಗ್ಗೆ ನನ್ನ ತಲೆಯ ಮೇಲೆ ತುಂಬಿದ ತಾಮ್ರದ ಕೊಡ ಇಟ್ಟು, ಹೊಸ್ತಿಲಲ್ಲಿ ನಿಲ್ಲಿಸಿದರು.

"ಬೇವಿನ ಗಿಡಕ್ಕ ಮಾರಿ ಮಾಡಿ ನಡಿ. ಮನಸ್ಸಿನ್ಯಾಗ ಎಣಸು. ನಾ ನಿಲ್ಲು ಅಂದಲ್ಲಿ ನಿಲ್ಲು."

ನಡೆದೆ, ನಿಂತೆ. ಎಷ್ಟಾಯಿತು ಎಂದು ಹೇಳಲು ಬಾಯಿ ತೆರೆದರೆ, "ನನಗ ಗೊತ್ತಿಲ್ಲೇನ? ಬಾಯಿ ಮುಚ್ಚು" ಎಂದರು. ಆ ದಿನ ನಾನು ಆ ಮನೆಯವಳಾದೆ ಎಂದು ಹಿಗ್ಗಿಹೋಗಿದ್ದೆ.

ಅದಾಗಿ ಕೆಲವು ತಿಂಗಳಲ್ಲಿ ಅತ್ತೆ ಗಜೇಂದ್ರಗಡಕ್ಕೆ ಮದುವೆಯ ಸೀರೆ ತರಲು ಹೋದಾಗ ನನ್ನ ಅಣ್ಣಂದಿರು ಹೇಳದೆ ಕೇಳದೆ ಬಂದರು. ಮನೆಯಲ್ಲಿ ಬೀಸಲು ಕಾಳಿರಲಿಲ್ಲ. ತವರಿನವರ ಮುಂದೆ ಗಂಡನ ಮನೆಯ ಮಾನ ಹೋಗಬಾರದೆಂದು ನಾನೇ ಎಣಿಸುತ್ತ ಹೋಗಿ ಗಂಡನಿಗೆ ಹಗೇವಿನ ಬಾಯಿ ತೋರಿಸಿದೆ. ಹಗೇವು ತೆರೆದರೆ ಒಂದು ದಿನ ಹಾಗೇ ಬಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಒಳಗಿನ ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ, ದೀಪ ಆರಿದಲ್ಲಿ ಮನುಷ್ಯನೂ ಆರುತ್ತಾನೆ. ನಮ್ಮ ಕಡೆ ಇದು ಸಣ್ಣ ಮಕ್ಕಳಿಗೂ ಗೊತ್ತು. ನಾನು ಕಂದೀಲು ತರಲು ಎದ್ದೆ.

"ಮಟಮಟ ಮಧ್ಯಾಹ್ನ ಕಂದೀಲ ಹಚ್ಚಿದ್ರ ನಿಮ್ಮ ಅಣ್ಣಗೋಳು ನಗತಾರ ನೋಡು" ಎಂದರು ಗಂಡ.

ನಾನೂ ನಕ್ಕೆ. "ಹಂಗಾದ್ರ ಲಗೂ ಇಳೀರಿ, ಒಲಿ ಉರಿಯಾಕತ್ತೈತಿ" ಎಂದೆ.

ಅವರು ಇಳಿದರು. ಸದ್ದಿಲ್ಲ. ಹಿಂದೆಯೇ ಇಳಿಯಲು ಹೊರಟ ನನ್ನ ಅಣ್ಣನನ್ನು ಕೂಗು ಕೇಳಿ ಓಡಿಬಂದ ಪಕ್ಕದ ಓಣಿಯ ಗಾರೆ ಕೆಲಸದ ಮುಸಲ್ಮಾನ ಗೌಂಡಿ ತಡೆದು, ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆ ಇಳಿಬಿಟ್ಟು ಅವರನ್ನು ಎಳೆದ. ಮೇಲೆ ಬಂದಾಗ ಉಸಿರಿರಲಿಲ್ಲ. ನನಗಾಗ ಇಪ್ಪತ್ತು ದಾಟಿತ್ತು ಅಷ್ಟೇ. ಬೇಗ ಎಂದು ಅವಸರಿಸುವ ಆ 'ಲಗೂ' ಎಂಬ ಮಾತನ್ನು ಅಂದಿನಿಂದ ನಾನು ಯಾರಿಗೂ ಆಡಲಿಲ್ಲ. ಹೊಲಕ್ಕೆ ಹೋಗುವ ಆಳಿಗೂ ಇಲ್ಲ, ಶಾಲೆಗೆ ತಡವಾದ ಮಗನಿಗೂ ಇಲ್ಲ.

ಹಗೇವಿಗೆ ಮಣ್ಣು ತುಂಬಿಬಿಡಿ ಎಂದರು ಊರವರು. ಅತ್ತೆ ಹೂಂ ಎಂದರು. ಆದರೆ ಒಳಗೆ ಇನ್ನೂ ಅರ್ಧ ಜೋಳ ಇತ್ತು. ತಿನ್ನುವ ಕಾಳಿನ ಮೇಲೆ ಮಣ್ಣು ಸುರಿಯಲು ಅವರಿಗೆ ಕೈ ಬರಲಿಲ್ಲ, ಆ ಕಾಳು ತಿನ್ನಲು ನನಗೆ ಬಾಯಿ ಬರಲಿಲ್ಲ. ಇಬ್ಬರೂ ಸೇರಿ ಹಾಸುಗಲ್ಲು ಎಳೆದು, ಮೇಲೆ ಮಣ್ಣು ಮೆತ್ತಿ, ತುಂಬಿಸಿದೆವು ಎಂದು ಸುಳ್ಳು ಹೇಳಿದೆವು. ಅದರ ಮೇಲೆ ಕಣಿಕೆ ಬಣವೆ ಒಟ್ಟಿಸಿದರು. ನಾನು ಹಿತ್ತಿಲ ಆ ಭಾಗಕ್ಕೆ ಮತ್ತೆ ಕಾಲಿಡಲಿಲ್ಲ. ಮಗನನ್ನು ಬೆಳೆಸಿದೆ, ಹೊಲ ಮಾಡಿಸಿದೆ, ಅತ್ತೆಯನ್ನು ಮಣ್ಣು ಮಾಡಿದೆ. ಸುಳ್ಳು ಅಲ್ಲೇ ಇತ್ತು.

ಹೋದ ವರ್ಷ ಮಗ ಆ ಜಾಗವನ್ನು ಅಂಗನವಾಡಿಗೆ ಬಿಟ್ಟುಕೊಟ್ಟ. ಎಪ್ಪತ್ತೈದರ ಮುದುಕ ಅವನು, ಊರಲ್ಲಿ ಒಳ್ಳೆಯ ಹೆಸರು. ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ, ಜೆಸಿಬಿ ಬರುವ ಹಿಂದಿನ ದಿನ. ಮೇಲೆ ನೆಲ ಹಾಕಿ, ಅದರ ಮೇಲೆ ಮಕ್ಕಳು ಕುಣಿದಾಡಿ, ಒಂದು ಮಳೆಗಾಲದಲ್ಲಿ ಹಳೆಯ ಹಾಸುಗಲ್ಲು ಒಡೆದರೆ? ಅಂದೇ ಮಗನನ್ನೂ ಸೊಸೆಯನ್ನೂ ಕೂಡಿಸಿಕೊಂಡು ಸುಳ್ಳನ್ನು ಬಿಚ್ಚಿಟ್ಟೆ. ಮಗ ಆಗಲೇ ಎಂಜಿನಿಯರಿಗೆ ಫೋನು ಹಚ್ಚಿದ. ಅರವತ್ತೆಂಟರ ಸೊಸೆ ಮಾತ್ರ ನನ್ನನ್ನು ದಿಟ್ಟಿಸಿ ನೋಡಿದಳು.

ಮರುದಿನ ರೋಣದಿಂದ ಎಂಜಿನಿಯರ್ ಹುಡುಗಿ ಬಂದಳು. ನಾಲ್ಕು ಕಡೆ ಕಬ್ಬಿಣದ ಸಲಾಕೆ ಬಡಿಸಿ ನೋಡಿ, "ಎಲ್ಲಾ ಗಟ್ಟಿ ನೆಲಾನ ಐತ್ರಿ ಅಜ್ಜಿ" ಎಂದಳು.

"ಐದನೇದ ಕಡೆ ಇದ್ರ?" ಎಂದೆ. "ಸರೀರಿ, ನಾ ತೋರಸ್ತೀನಿ."

ತೋರಿಸುವುದೇನು, ಅಲ್ಲಿ ನನ್ನ ಕಾಲದ ಒಂದು ವಸ್ತುವೂ ಇರಲಿಲ್ಲ. ಹಳೆಯ ಮನೆ ಕೆಡವಿ ಬಾಗಿಲನ್ನು ಪೂರ್ವಕ್ಕೆ ತಿರುಗಿಸಿದ್ದರು. ಹೊಸ್ತಿಲ ಕಲ್ಲು ಬಚ್ಚಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ಪಕ್ಕದ ಮನೆಗೆ ಹೊಂದಿದ ಒಂದು ಗೋಡೆ ಮಾತ್ರ ಹಳೆಯದು. ಅದರಲ್ಲಿ ನಾನು ಸಂಜೆ ದೀಪ ಇಡುತ್ತಿದ್ದ ಗೂಡು ಇದೆ. ಈಗ ಅಲ್ಲಿ ವೈಫೈ ಡಬ್ಬಿ ಮಿಣಮಿಣ ಎನ್ನುತ್ತದೆ. ಹೊಸ್ತಿಲು ಆ ಗೂಡಿನಿಂದ ಒಂದು ಮೊಳದಲ್ಲಿತ್ತು. ಬೇವಿನ ಮರ ಕಡಿದು ಅದೇ ಜಾಗದಲ್ಲಿ ಕರೆಂಟಿನ ಕಂಬ ನೆಟ್ಟದ್ದು ನನ್ನ ಕಣ್ಣೆದುರಿಗೆ. ಸರಿ, ಗೂಡಿನಿಂದ ಕಂಬಕ್ಕೆ ಮುಖ ಮಾಡಿ, ಕೋಲೂರಿಕೊಂಡು, ಮನಸ್ಸಿನಲ್ಲೇ ಎಣಿಸುತ್ತ ನಡೆದೆ. ಎಪ್ಪತ್ನಾಲ್ಕು ವರ್ಷದ ಮೇಲೆ ಆ ನೆಲ ತುಳಿದೆ.

ನಿಂತಲ್ಲಿ ಅಗೆದರು. ಗರಸು ಬಂತು, ಇನ್ನೂ ಗರಸು ಬಂತು. ನೋಡಲು ಬಂದವರು ಕಿಸಕ್ಕೆಂದರು.

"ಅವ್ವಾ, ಸಾಕು ಬಿಡು. ಮಂದಿ ನಗಾಕತ್ತಾರ" ಎಂದ ಮಗ.

"ನಗಲಿ. ಒಮ್ಮಿ ಮಂದಿ ನಗತಾರಂತ ಹೆದರಿದ್ದಕ್ಕ ನಿಮ್ಮಪ್ಪ ಹ್ವಾದ" ಎಂದೆ. ಪ್ಲಾಸ್ಟಿಕ್ ಕುರ್ಚಿ ತರಿಸಿ ಜೆಸಿಬಿಯ ಮುಂದೆ ಹಾಕಿಸಿಕೊಂಡು ಕುಳಿತೆ. ಬಾಯಿ ಸಿಗುವ ತನಕ ಏಳುವುದಿಲ್ಲ ಎಂದೆ. ಡ್ರೈವರ್ ಮಶೀನು ಬಂದ್ ಮಾಡಿ ಚಹಾಕ್ಕೆ ಹೋದ. ಎಂಜಿನಿಯರ್ ಹುಡುಗಿ ಗಡಿಯಾರ ನೋಡಿಕೊಂಡಳು. ಕೆಲಸ ಹಿಡಿದಿದ್ದ ಗೌಂಡಿ ಮಾತ್ರ ನನ್ನ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತ. ಅಂದು ಕೊಕ್ಕೆ ಇಳಿಬಿಟ್ಟವನ ಮೊಮ್ಮಗ ಅವನು.

"ಅಮ್ಮಾರ, ನಮ್ಮ ಅಜ್ಜ ಇದರ ಸುದ್ದಿ ಭಾಳ ಹೇಳ್ತಿದ್ದರಿ. ನೀವು ಐತಿ ಅಂದ್ರ ಐತಿ. ಲೆಕ್ಕ ಎಲ್ಲೋ ತಪ್ಪೇತಿ, ಅಷ್ಟ."

ಲೆಕ್ಕ ತಪ್ಪಿರಲಿಲ್ಲ. ಕುರ್ಚಿಯಲ್ಲಿ ಕುಳಿತು ನನ್ನ ಪಾದ ನೋಡಿಕೊಂಡೆ. ಈಗ ನಾನು ಹಾಕುವ ಹೆಜ್ಜೆ ಒಂದು ಗೇಣು. ಒಂದು ಪಾದ ಇನ್ನೊಂದನ್ನು ದಾಟುವುದೇ ಕಷ್ಟ. ಇಷ್ಟು ದಿನ ಊರು ಬದಲಾಯಿತು, ಜನ ಬದಲಾದರು ಎಂದು ಎಲ್ಲರಿಗೂ ಹೇಳುತ್ತ ಬಂದ ನಾನು, ನನ್ನ ಹೆಜ್ಜೆಯನ್ನು ಮಾತ್ರ ಅಂದಿನದೇ ಎಂದು ನಂಬಿದ್ದೆ. ನನಗೇ ನಗು ಬಂತು.

ಸೊಸೆಯನ್ನು ಕರೆದೆ. ಹರೆಯದಲ್ಲಿ ನಾನಿದ್ದಷ್ಟೇ ಎತ್ತರ ಅವಳು. ಬಗ್ಗಿಸಿ ಕಿವಿಯಲ್ಲಿ ಎಣಿಕೆ ಹೇಳಿದೆ. ಅವಳು ಬಗ್ಗಿದಲ್ಲೇ ಉಳಿದಳು.

"ನಲವತ್ತೆಂಟ ವರ್ಷ ಆತ್ರಿ ನಾ ಈ ಮನಿಗೆ ಬಂದು. ಒಮ್ಮಿನೂ ನನಗ್ಯಾಕ ಹೇಳಲಿಲ್ರಿ ಅತ್ತಿ?"

"ಹೇಳಿಸಿಕೊಂಡು ನಾ ಏನ ಮಾಡಿದೆ ಅನ್ನೂದು ನಿನಗ ಗೊತ್ತಾತಲ್ಲ. ನಿನಗದು ಬ್ಯಾಡಾಗಿತ್ತವ್ವ. ಈಗ ಬೇಕಾಗೇತಿ."

ಅವಳು ಕಣ್ಣೊರೆಸಿಕೊಂಡು ಗೂಡಿನ ಹತ್ತಿರ ಹೋಗಿ ನಿಂತು, ಬೀಸುಗಾಲು ಹಾಕಿ ನಡೆದಳು. ಕಂಬದ ಬುಡಕ್ಕೇ ಹೋಗಿ ಮುಟ್ಟಿದಳು. ಬೇವಿನ ಬೇರಿನಲ್ಲಿ ಯಾರು ಹಗೇವು ತೋಡುತ್ತಾರೆ? ಆಗ ನನಗೆ ತಲೆಯ ಮೇಲಿನ ಕೊಡ ನೆನಪಾಯಿತು. ಅತ್ತೆ ಅದನ್ನು ಯಾಕೆ ಇಟ್ಟರು ಎಂಬುದು ಅಷ್ಟು ವರ್ಷದ ಮೇಲೆ ತಿಳಿಯಿತು. ತುಂಬಿದ ಕೊಡ ಹೊತ್ತವಳು ಓಡಲಾರಳು, ಕಾಲೆಳೆಯಲಾರಳು. ಯಾವ ಹೆಂಗಸಿನ ಹೆಜ್ಜೆಯಾದರೂ ಹದವಾಗಿ ಒಂದೇ ಅಳತೆಗೆ ಬೀಳುತ್ತದೆ.

"ಕೊಡ ಹೊತ್ತು ನಡಿ" ಎಂದೆ.

"ನಳ ಬಂದ ಮ್ಯಾಲ ಕೊಡ ಯಾರು ಹೊತ್ತಾರ್ರಿ ಅತ್ತಿ?" ಎಂದಳು, ಆದರೂ ಸೆರಗು ಸುತ್ತಿ ಸಿಂಬೆ ಮಾಡಿದಳು. ತಾಮ್ರದ ಕೊಡ ಮಾರಿ ಎಷ್ಟೋ ಕಾಲವಾಗಿತ್ತು. ಹಳದಿ ಪ್ಲಾಸ್ಟಿಕ್ ಕೊಡವನ್ನು ಗೌಂಡಿ ತುಂಬಿಸಿ ಎತ್ತಿಕೊಟ್ಟ. ಸೊಸೆ ಕತ್ತು ನೆಟ್ಟಗೆ ಮಾಡಿ ಹೊರಟಳು. ಬೇಡ ಬೇಡ ಎಂದರೂ ಕಾಲಿಗೆ ಹಳೆಯ ನಡಿಗೆ ಬಂದುಬಿಟ್ಟಿತು. ಒಂದು ಹನಿ ತುಳುಕಲಿಲ್ಲ. ನಿಂತಳು.

ಅಲ್ಲಿ ಜೆಸಿಬಿ ಬೇಡ ಎಂದು ಗೌಂಡಿ ತಾನೇ ಗುದ್ದಲಿ ಹಿಡಿದ. ಮೊಳದಷ್ಟು ಅಗೆದಾಗ ಠಣ್ ಎಂದಿತು. ನಗುತ್ತಿದ್ದವರು ಹತ್ತಿರ ಬಂದು ಬಗ್ಗಿ ನೋಡಿದರು.

ಹಾಸುಗಲ್ಲು ಸರಿಸಿದರು. ಎಂಜಿನಿಯರ್ ಹುಡುಗಿ ಅಂಚಿನಲ್ಲಿ ಮಲಗಿ ಮೊಬೈಲಿನ ಬೆಳಕು ಬಿಟ್ಟು, "ಚಲೋ ಕಾಣಸ್ತೈತ್ರಿ, ತಳದ ತನಕ ಏನೂ ತೊಂದ್ರಿ ಇಲ್ಲ" ಎಂದಳು. ಯಾರೋ ನಿಚ್ಚಣಿಕೆ ಇಳಿಬಿಟ್ಟರು. ನಾನು ನೋಡುವಷ್ಟರಲ್ಲಿ ಮಗ ಧೋತರ ಎತ್ತಿ ಕಟ್ಟಿ ಒಂದು ಕಾಲು ಅದರ ಮೇಲಿಟ್ಟಿದ್ದ. ಅಪ್ಪ ಸತ್ತ ಜಾಗವನ್ನು ಅವನು ನೋಡಬೇಕಿತ್ತು. ತಪ್ಪೇನು, ಅಪ್ಪನ ಮುಖವೇ ನೆನಪಿಲ್ಲದವನು.

"ಇಳೀಬ್ಯಾಡ!"

ನನ್ನೊಳಗೆ ಅಷ್ಟು ದೊಡ್ಡ ದನಿ ಉಳಿದಿದೆಯೆಂದು ನನಗೂ ಗೊತ್ತಿರಲಿಲ್ಲ. ಮಗ ಗಕ್ಕನೆ ನಿಂತ.

"ಆ ಬೆಳಕಿಗೆ ಉಸಿರು ಬೇಕಿಲ್ಲ, ಅದು ಆರೂದಿಲ್ಲ. ಉರಿಯೂ ದೀಪ ತರ್ರಿ."

ಕಂದೀಲು ಯಾರ ಮನೆಯಲ್ಲೂ ಇರಲಿಲ್ಲ. ಸೊಸೆ ದೇವರ ಮುಂದಿನ ಹಣತೆ ತಂದಳು. ಅದನ್ನು ಬಕೆಟ್ಟಿನಲ್ಲಿಟ್ಟು ಹಗ್ಗ ಕಟ್ಟಿ, ಗೌಂಡಿ ಮೆಲ್ಲಗೆ ಇಳಿಸಿದ. ಎರಡು ಮೊಳ ಇಳಿಯಿತು. ಕುಡಿ ಸಣ್ಣಗಾಯಿತು, ನೀಲಿಯಾಯಿತು, ಆರಿತು. ಎಂಜಿನಿಯರ್ ಹುಡುಗಿ ಅಂಚಿನಿಂದ ಹಿಂದೆ ಸರಿದು ಬಂದು ನನ್ನ ಕೈ ಹಿಡಿದುಕೊಂಡಳು. ಮಗ ನಿಚ್ಚಣಿಕೆಯಿಂದ ಕಾಲು ತೆಗೆದು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ, ಸಣ್ಣ ಹುಡುಗನ ಹಾಗೆ ಅತ್ತ. ನಾನೂ ಅತ್ತೆ. ಆದರೆ ಕುರ್ಚಿ ಬಿಟ್ಟೇಳಲಿಲ್ಲ, ಕೆಲಸ ಇನ್ನೂ ಅರ್ಧ ಉಳಿದಿತ್ತು.

ಮಣ್ಣು ತುಂಬಲು ಎರಡು ದಿನ ಹಿಡಿಯಿತು. ಮೊದಲ ಬುಟ್ಟಿ ನಾನು ಹಾಕಿದೆ, ಅತ್ತೆಯ ಹೆಸರಿನಲ್ಲಿ ಎರಡನೆಯದನ್ನೂ ನಾನೇ ಹಾಕಿದೆ. ಕೊನೆಯ ಟ್ರ್ಯಾಕ್ಟರ್ ಮಣ್ಣು ಸುರಿದು ನೀರು ಬಿಟ್ಟು ದಮ್ಮಸು ಹಾಕುವ ತನಕ ಕುರ್ಚಿ ಅಲ್ಲೇ, ಊಟವೂ ಅಲ್ಲೇ. ಕಟ್ಟಡ ಏಳಲು ಇನ್ನಾರು ತಿಂಗಳಾಯಿತು.

ಅಂಗನವಾಡಿ ಶುರುವಾದ ದಿನ ಸೊಸೆ ನನ್ನ ತೋಳು ಹಿಡಿದು ಕರೆದುಕೊಂಡು ಹೋದಳು. ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದರು. ಒಳಗಿನ ನೆಲವನ್ನು ನನ್ನ ಕೋಲಿನಿಂದ ನಾಲ್ಕು ಕಡೆ ಕುಟ್ಟಿ ನೋಡಿದೆ. ಐದನೆಯ ಕಡೆಯೂ ಕುಟ್ಟಿದೆ. ತಿರುಗಿ ನೋಡಿದರೆ ಮಗ ಇನ್ನೂ ಬಾಗಿಲ ಹೊರಗೆ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. ಮುಂದೆ ಕಾಲು ಬಾರದು, ಹಿಂದೆಯೂ ಹೋಗಲಾರ.

"ಯಾಕ ನಿಂತೀಯೋ?" ಎಂದೆ. "ಲಗೂ ಬಾ ಒಳಗ."