ಮೂರು ಚೀಲ ಮಣ್ಣು

ದೆವ್ವ, ಶಕುನ ಅಂತ ಯಾರಾದರೂ ಬಾಯಿ ತೆರೆದರೆ ನಾನು ನಕ್ಕುಬಿಡುತ್ತಿದ್ದೆ. ಮಣ್ಣು ಪರೀಕ್ಷೆ ಮಾಡುವವನಿಗೆ ಗಾಜಿನ ಬಾಟಲಿಯಲ್ಲಿ ಕಂಡದ್ದಷ್ಟೇ ನಿಜ. ದೆವ್ವವನ್ನು ಈಗಲೂ ನಂಬುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಆ ಬಾಟಲಿಯಲ್ಲೇ ಕಂಡದ್ದೊಂದು ನನ್ನನ್ನು ಬಿಡುತ್ತಿಲ್ಲ. ಇದನ್ನು ಓದಿದ ಮೇಲೆ ನನ್ನ ಬಗ್ಗೆ ನಿಮಗೆ ಒಳ್ಳೆಯ ಅಭಿಪ್ರಾಯ ಉಳಿಯಲಿಕ್ಕಿಲ್ಲ.

ಇಳಕಲ್ಲಿನ ಅಂಚಿನಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದು ಮುಚ್ಚಿತ್ತು. ಮಾಲೀಕರು ಶೆಡ್ಡು ಕೆಡವಿ, ಬಣ್ಣದ ನೀರು ನಿಲ್ಲುತ್ತಿದ್ದ ಹೊಂಡಗಳಿಗೆ ಗರಸು ಮಣ್ಣು ತುಂಬಿ ಪ್ಲಾಟು ಹಾಕಿದ್ದರು. ಮಣ್ಣು ಸ್ವಚ್ಛವಿದೆ ಎಂಬ ವರದಿ ಅವರಿಗೆ ಬೇಕಿತ್ತು. ನಾನಾಗ ಬಾಗಲಕೋಟೆಯ ವಿದ್ಯಾಗಿರಿಯ ಸಣ್ಣ ಪ್ರಯೋಗಾಲಯವೊಂದರಲ್ಲಿದ್ದೆ. ಗಿರಾಕಿಯ ಮನಸ್ಸು ನೋಯಿಸಬೇಡ ಎಂದು ಹೇಳಿಯೇ ನನ್ನನ್ನು ಕಳಿಸಿದರು.

ಅಲ್ಲಿ ಗೌರವ್ವ ಕಾಯುತ್ತಿದ್ದಳು. ಅದೇ ಕಾರ್ಖಾನೆಯಲ್ಲಿ ಹರೆಯವೆಲ್ಲ ನೂಲು ಜಾಲಿಸಿ ಕಳೆದವಳು. ಮಗಳು ತೀರಿಕೊಂಡ ಮೇಲೆ ಇಬ್ಬರು ಮೊಮ್ಮಕ್ಕಳನ್ನು ಸಾಕುತ್ತಿದ್ದಳು. ಮೈಮೇಲಿನ ಬಂಗಾರ ಮಾರಿ ಒಂದು ಪ್ಲಾಟು ಹಿಡಿದಿದ್ದಳು.

“ಸಾಹೇಬ್ರ, ಈ ನೆಲಕ್ಕ ಎಷ್ಟ ಬಣ್ಣ ಕುಡಿಸೇವಿ ಅಂತ ನನಗ ಗೊತ್ತೈತಿ. ಸಣ್ಣ ಹುಡುಗ್ರನ್ನ ಕಟ್ಕೊಂಡು ಇಲ್ಲಿ ಇರಬಹುದೇನ್ರಿ? ಖರೆ ಹೇಳ್ರಿ. ನೀವು ಬ್ಯಾಡ ಅಂದ್ರ ನಾ ಮನಿ ಕಟ್ಟೂದಿಲ್ಲ.”

“ವರದಿ ಬರ್ಲಿ, ಹೇಳ್ತೇನಿ” ಅಂದೆ.

ಮಾಲೀಕರ ಕಡೆಯವನೊಬ್ಬ ಊಟ ಹಾಕಿಸಿದ. ಕೈತೊಳೆಯುವಾಗ, “ಆ ಗರಸಿನಾಗ ಏನ್ ಅಗಿತೀರಿ, ಹಿಂದಿನ ಜ್ವಾಳದ ಹೊಲದಾಗ ತಗೋರಿ” ಅಂದ. ನಾಚಿಕೆಗೆಟ್ಟು ಒಪ್ಪಿದೆ. ದಿಬ್ಬದ ಮೇಲಿನ ಆ ಹೊಲದಲ್ಲಿ ಮೂರು ಕುಣಿ ತೋಡಿ, ಅಪ್ಪಟ ಎರೆಮಣ್ಣು ತುಂಬಿ, ನನ್ನ ಕೈಯಾರೆ ಚೀಲ ಕಟ್ಟಿದೆ. ಬಸ್ಸಿನಲ್ಲಿ ಅವು ನನ್ನ ತೊಡೆಯ ಮೇಲೇ ಇದ್ದವು.

ಮರುದಿನ ಮಧ್ಯಾಹ್ನ ಗಂಟು ಬಿಚ್ಚಿ, ಮೂರು ಬಾಟಲಿಗಳಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಟ್ಟೆ. ಮಣ್ಣು ತಳ ಸೇರಿತು. ಮೇಲಿನ ನೀರು ಕೆಂಪಾಗಿತ್ತು, ಇಳಕಲ್ ಸೀರೆಯ ಸೆರಗಿನ ಕೆಂಪು. ಬಾಟಲಿ ತೊಳೆದೆ, ನೀರು ಬದಲಿಸಿದೆ. ಮತ್ತೆ ಅದೇ. ಚೀಲ ಯಾರಾದರೂ ಬದಲಿಸಿದರೇ ಎಂದರೆ, ನಾನು ಬಿಚ್ಚಿದ್ದು ನಾನೇ ಹಾಕಿದ ಗಂಟು. ನನಗೆ ಹೆದರಿಕೆಯಾಯಿತು.

ಬೆಳಗಾಗುತ್ತಲೇ ಇಳಕಲ್ಲಿಗೆ ಹೋಗಿ ಅದೇ ಕುಣಿಗಳ ಮಣ್ಣನ್ನು ನೀರಿನಲ್ಲಿ ಕದಡಿ ನೋಡಿದೆ. ಎರೆಮಣ್ಣು, ಅಷ್ಟೇ. ಸ್ವಲ್ಪ ಹೊತ್ತಿಗೆ ನೀರು ತಿಳಿಯಾಯಿತು. ವಾಪಸು ಬಂದರೆ ಪ್ರಯೋಗಾಲಯದ ಬಾಟಲಿಗಳು ಇನ್ನೂ ಕೆಂಪಗಿದ್ದವು.

ಇಷ್ಟಾದ ಮೇಲೆ ನಾನೇನು ಮಾಡಿದೆ ಗೊತ್ತೇ? ಎಲ್ಲವನ್ನೂ ಗಟಾರಕ್ಕೆ ಚೆಲ್ಲಿ, ನನ್ನ ಹೆಂಡತಿ ಹಿತ್ತಲಲ್ಲಿ ಮಾಡಿದ್ದ ಮೆಂತ್ಯೆ ಮಡಿಯ ಮಣ್ಣನ್ನು ತುಂಬಿದೆ. ವರದಿ ಚೊಕ್ಕಟವಾಗಿ ಬಂತು. ಗೌರವ್ವನಿಗೆ ಫೋನು ಮಾಡಿ, “ಕಟ್ಟವ್ವ” ಅಂದೆ. ಜೋಳದ ಹೊಲದ ಮಣ್ಣು ನನ್ನ ಕೈಯಲ್ಲಿ ಹಾಗೇಕೆ ಬಣ್ಣ ಬಿಟ್ಟಿತೆಂದು ಇವತ್ತಿಗೂ ನನಗೆ ತಿಳಿದಿಲ್ಲ. ನನಗಿಂತ ಓದಿದವರನ್ನೂ ಕೇಳಿದ್ದೇನೆ, ಬೇರೆ ಯಾರದೋ ಕಥೆ ಎಂಬಂತೆ. ಅವರು ನಕ್ಕರು.

ಮನೆಯ ವಾಸ್ತುಶಾಂತಿಗೆ ಆಕೆ ಕರೆದಳು, ಹೋದೆ. ಹೊಸ ಬೋರಿನ ನೀರನ್ನು ತಂಬಿಗೆಯಲ್ಲಿ ತಂದು, “ಕುಡೀರಿ ಸಾಹೇಬ್ರ, ನೀವು ಹೂಂ ಅಂದಿದ್ದಕ್ಕ ಈ ಮನಿ ಆತು” ಅಂದಳು. ನೀರು ತಿಳಿಯಾಗಿತ್ತು. ತುಟಿಯ ತನಕ ಒಯ್ದೆ, ಕುಡಿಯಲಾಗಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಏನೋ ಗೊಣಗಿ ಕೆಳಗಿಟ್ಟೆ. ಗೌರವ್ವ ತುಂಬಿದ ತಂಬಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋಗಿ ಮೊಮ್ಮಗಳ ಕೈಯಲ್ಲಿದ್ದ ಲೋಟವನ್ನು ಕಸಿದುಕೊಂಡಳು.