ಫ್ರೀಜರಿನಲ್ಲಿ ಮಣ್ಣು, ಸ್ವೆಟರಿನಲ್ಲಿ ಪೈಪು

ಹೋದ ತಿಂಗಳು ನಮ್ಮ ಫ್ರೀಜರಿನಲ್ಲಿ ಹಿತಕಿದ ಅವರೆಕಾಳಿಗೆ ಜಾಗವಿರಲಿಲ್ಲ. ಅಲ್ಲಿ ಮಣ್ಣಿತ್ತು!

ತಮಾಷೆಯಲ್ಲ. ಏಳನೇ ಕ್ಲಾಸಿನ ನನ್ನ ಮಗಳು ಇಂಚರ ಸೈನ್ಸ್ ಫೇರಿಗೆಂದು ಹಿತ್ತಲ ಮಣ್ಣಿಗೆ ಉಪ್ಪುನೀರು ಕಲೆಸಿ, ಪ್ಲಾಸ್ಟಿಕ್ ಪೈಪಿಗೆ ತುಂಬಿ, ಕಾಯಿತುರಿಯ ಪ್ಯಾಕೆಟ್ಟುಗಳ ಪಕ್ಕ ನಿಲ್ಲಿಸಿದ್ದಳು. ಮಂಡ್ಯದಿಂದ ಬಂದಿರುವ ನಮ್ಮ ಅತ್ತೆ ಬಾಗಿಲು ತೆಗೆದವರೇ ಬೆಚ್ಚಿಬಿದ್ದರು. "ಇದೇನವ್ವ, ಉಣ್ಣೋ ಪದಾರ್ಥದ ಜೊತೆ ಮಣ್ಣ್ ಮಡಗಿದ್ದೀಯಾ?"

ವಿಷಯ ಇಷ್ಟೇ. ಚಳಿದೇಶಗಳಲ್ಲಿ ಚಳಿಗಾಲ ಬಂತೆಂದರೆ ನೆಲ ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತ ಹೋಗುತ್ತದೆ. ಹಾಗೆ ಗಟ್ಟಿಯಾಗುವ ಪದರ ಕೆಳಗಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ನೀರಿನ ಜೊತೆ ಉಪ್ಪೂ ಮೇಲೇರುತ್ತದೆ. ಚಳಿ ಕಳೆದು ನೆಲ ಕರಗಿದಾಗ ನೀರು ಆರಿಹೋಗುತ್ತದೆ, ಉಪ್ಪು ಮಾತ್ರ ಮೇಲೆಯೇ ಉಳಿಯುತ್ತದೆ. ವರ್ಷವರ್ಷವೂ ಹೀಗಾದರೆ ಹೊಲ ಬೆಳ್ಳಗಾಗಿ ಪೈರು ಏಳುವುದಿಲ್ಲ. (ಬೇ ಏರಿಯಾದ ನಮ್ಮೂರು ಲಿವರ್‌ಮೋರಿನಲ್ಲಿ ಚಳಿ ಎಂದರೆ ಬೆಳಿಗ್ಗೆ ಕಾರಿನ ಗಾಜಿಗಂಟಿದ ಹಿಮ ಕೆರೆಯುವಷ್ಟು ಮಾತ್ರ. ಅದಕ್ಕೇ ಫ್ರೀಜರು!)

ಆದರೆ ಮೊದಲ ಪೈಪಿನಲ್ಲಿ ಏನೂ ಆಗಲಿಲ್ಲ. ಕೊಯ್ದು ಅಳೆದರೆ ಮೇಲೂ ಅಷ್ಟೇ ಉಪ್ಪು, ಕೆಳಗೂ ಅಷ್ಟೇ ಉಪ್ಪು. ಎರಡನೆಯದರಲ್ಲೂ ಅದೇ ಕಥೆ. ಮುಂದಿನ ಸಲವೂ ಹೀಗಾದರೆ ಇದನ್ನು ಬಿಟ್ಟು ಬೇರೆಯವರ ಗುಂಪಿಗೆ ಸೇರಿಕೋ ಎಂದರು ಟೀಚರ್. ಹುಡುಗಿ ಮುಖ ಊದಿಸಿಕೊಂಡು ಮನೆಗೆ ಬಂದಳು.

"ಬೇರೆ ಏನಾದ್ರೂ ಈಸಿಯಾಗಿರೋದು ಮಾಡೋಣ್ವಾ ಪುಟ್ಟಿ? ನಾನೂ ಹೆಲ್ಪ್ ಮಾಡ್ತೀನಿ" ಅಂದೆ. (ಇಲ್ಲಿನ ಸೈನ್ಸ್ ಫೇರುಗಳಲ್ಲಿ ಅರ್ಧ ಪ್ರಾಜೆಕ್ಟು ಅಪ್ಪಂದಿರದೇ ಅಲ್ಲವೇ?)

"ನೋ ಅಪ್ಪ. ಇಟ್ಸ್ ಮೈ ಮಣ್ಣು!"

ಅವತ್ತು ಸಂಜೆ ಅತ್ತೆ ಹಾಲಿಗೆ ಹೆಪ್ಪು ಹಾಕಿ, ಪಾತ್ರೆಗೆ ನನ್ನ ಹಳೇ ಸ್ವೆಟರ್ ಸುತ್ತುತ್ತಿದ್ದರು. ಡಿಸೆಂಬರಿನಲ್ಲಿ ಬೇ ಏರಿಯಾದ ಕನ್ನಡದ ಮನೆಗಳಲ್ಲಿ ನಮಗಿಂತ ಮೊದಲು ಸ್ವೆಟರ್ ಹಾಕಿಕೊಳ್ಳುವುದು ಮೊಸರೇ.

"ಅಜ್ಜಿ, ವೈ ದ ಸ್ವೆಟರ್?"

"ಸುತ್ತಾಲಿಂದ ಚಳಿ ಹೊಡೀಬಾರ್ದು ಕಣವ್ವ."

ಇಂಚರ ಸ್ವಲ್ಪ ಹೊತ್ತು ಪಾತ್ರೆಯನ್ನೇ ನೋಡುತ್ತ ನಿಂತಳು. ಆಮೇಲೆ ಫ್ರೀಜರಿನತ್ತ ಓಡಿದಳು. ಅವಳ ಪೈಪಿಗೆ ಸುತ್ತಲಿಂದಲೂ ಚಳಿ ಹೊಡೆಯುತ್ತಿತ್ತು! ಮಣ್ಣೆಲ್ಲ ಒಟ್ಟಿಗೇ ಗಟ್ಟಿಯಾದರೆ ನೀರು ಹತ್ತುವುದು ಯಾವಾಗ, ಎಲ್ಲಿಗೆ? ಮೂರನೇ ಪೈಪಿಗೆ ಬುಡ, ಪಕ್ಕ ಎಲ್ಲ ಸ್ವೆಟರ್ ಸುತ್ತಿ (ಈ ಸಲ ನನ್ನ ಹೊಸದು!) ಬಾಯಿ ಮಾತ್ರ ತೆರೆದಿಟ್ಟಳು. ಕೆಲವು ದಿನ ಬಿಟ್ಟು ಕೊಯ್ದು ಅಳೆದಾಗ ಮೇಲಿನ ತುಂಡಿನಲ್ಲಿ ನೀರೂ ಜಾಸ್ತಿ, ಉಪ್ಪೂ ಜಾಸ್ತಿ. ಅವಳ ಕಿರುಚಾಟ ಪಕ್ಕದ ಮನೆಗೂ ಕೇಳಿಸಿರಬೇಕು.

ಫೇರಿನ ದಿನ ನೋಡುತ್ತೇನೆ, ಮೇಜಿನ ಮೇಲೆ ಮೂರೂ ಪೈಪಿನ ತುಂಡುಗಳನ್ನು ಸಾಲಾಗಿ ಜೋಡಿಸಿದ್ದಾಳೆ. "ಕೆಟ್ಟಿದ್ದು ಯಾಕೆ ಇಡ್ತೀಯಾ? ಸರಿಯಾಗಿರೋದು ಒಂದೇ ಸಾಕು" ಎಂದು ಪಿಸುಗುಟ್ಟಿದೆ. ಕೇಳಲೇ ಇಲ್ಲ.

ಬಂದ ಜಡ್ಜ್ ಹೆಂಗಸು ಸರಿಯಾದ ಪೈಪನ್ನು ಒಮ್ಮೆ ನೋಡಿ, ಕೆಟ್ಟವೆರಡರ ಮುಂದೆಯೇ ನಿಂತುಬಿಟ್ಟರು. ಇವು ಯಾಕೆ ಕೈಕೊಟ್ಟವು ಎಂದು ಕೇಳಿದರು. ಇಂಚರ ತಡವರಿಸದೆ ಎಲ್ಲ ಹೇಳಿದಳು. ಕೊನೆಗೆ ಅಜ್ಜಿಯ ಕೈಹಿಡಿದು ಎಳೆದು ತಂದು, "ಶಿ ಮೇಕ್ಸ್ ದ ಮೊಸರು" ಎಂದು ಪರಿಚಯಿಸಿದಳು. ಅತ್ತೆ ನಾಚಿ ಸೆರಗು ಸರಿಮಾಡಿಕೊಂಡರು. ನನಗೆ ಎದೆಯುಬ್ಬಿತು. ಹೇಳಿಕೊಳ್ಳಲು ಯಾವ ನಾಚಿಕೆಯೂ ಇಲ್ಲ.

ಪ್ರೈಜು ಬಂತಾ ಅಂತೀರಾ? ಇಲ್ಲ. ಆದರೂ ಸಿಕ್ಕಸಿಕ್ಕವರಿಗೆಲ್ಲ ಈ ಕಥೆ ಹೇಳುತ್ತಿದ್ದೇನೆ.

ನಮ್ಮ ವೀಕೆಂಡ್ ಪಾರ್ಟಿಗಳಲ್ಲಿ ಪ್ರಮೋಷನ್ನು ಬಂದದ್ದು, ಮನೆ ಕೊಂಡದ್ದು ಎಲ್ಲರಿಗೂ ಗೊತ್ತಾಗುತ್ತದೆ. ಕೆಲಸ ಹೋದವನು ಮಾತ್ರ ದಿನಾ ಲ್ಯಾಪ್‌ಟಾಪ್ ಬ್ಯಾಗು ಹಿಡಿದು ಕಾಫಿ ಅಂಗಡಿಗೆ ಹೋಗಿ ಕೂತಿರುತ್ತಾನೆ, ಗೆಳೆಯರಿಗೂ ಹೇಳದೆ.

ನನ್ನ ಮಗಳು ಕೆಟ್ಟ ಪೈಪುಗಳನ್ನು ಊರೆಲ್ಲ ನೋಡುವ ಹಾಗೆ ಮೇಜಿನ ಮೇಲಿಟ್ಟಳು. ನೀವು ನಿಮ್ಮದನ್ನು ಎಲ್ಲಿ ಬಚ್ಚಿಟ್ಟಿದ್ದೀರಿ?